ಲೊರಿಮರ್ ನೋಟ

ಬೆವರ್ಲಿ ಹಿಲ್ಸ್
ಮಾರ್ಚ್ ೬, ೧೯೩೮

ಪ್ರೀತಿಯ ಅಡಿಲೇಡ್ ಅಕ್ಕನಿಗೆ,

ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯದೆ ಕೂತಿದ್ದೆ. ಬೈದುಕೋ, ತಪ್ಪಿಲ್ಲ. ಭಾವನ ಕಾಲುನೋವು ಹೇಗಿದೆ? ನೀನು ಕಳಿಸಿದ ಸೇಬಿನ ಜಾಮ್ ತಲುಪಿತು. ಆರ್ವಿಲ್ ಒಂದು ಬೆರಳು ನೆಕ್ಕಿ ಶೀಶೆ ಮುಚ್ಚಿಟ್ಟ. ಅವನ ಸೊಂಟ ಒಂಚೂರು ಹೆಚ್ಚಿದರೂ ಸ್ಟುಡಿಯೋದವರು ಮುಖ ಗಂಟಿಕ್ಕುತ್ತಾರೆ.

"ಗಂಡ ಪರದೆ ತುಂಬಾ ಇನ್ನೊಬ್ಬಳಿಗೆ ಮುತ್ತು ಕೊಡೋದು ನೋಡಿ ನಿಂಗೆ ಹೊಟ್ಟೆ ಉರಿಯಲ್ವೇನೇ?" ಎಂದು ಕೇಳಿದ್ದೀಯ. ಇಲ್ಲ ಅಕ್ಕ. ನಾಯಕಿ ಮಿಸ್ ವೆರಾಲ್ ಮುತ್ತಿನ ದಿನ ಬೇಕೆಂದೇ ಈರುಳ್ಳಿ ತಿಂದು ಬರುತ್ತಾಳೆ. ಅವಳ ತುಟಿಬಣ್ಣ ಕೆಡದ ಹಾಗೆ, ತನ್ನ ಮೂಗಿನ ನೆರಳು ಅವಳ ಕೆನ್ನೆಗೆ ಬೀಳದ ಹಾಗೆ ಕತ್ತು ಓರೆ ಮಾಡಿ ಅವನು ಕೊಡುವ ಮುತ್ತು ಅದು. ಅದನ್ನು ಅವಳೇ ಇಟ್ಟುಕೊಳ್ಳಲಿ.

ನನ್ನ ಹೊಟ್ಟೆ ಉರಿಸಿದ್ದು ಮುತ್ತಿಗೆ ಮೊದಲಿನ ನೋಟ. ಪತ್ರಿಕೆಯವರು 'ಲೊರಿಮರ್ ನೋಟ' ಎನ್ನುತ್ತಾರಲ್ಲ, ಅದು. ಲೊರಿಮರ್ ಎಂಬ ಹೆಸರು ಆರ್ವಿಲ್‌ಗೆ ಸ್ಟುಡಿಯೋ ಕೊಟ್ಟದ್ದು, ನೋಟ ಮಾತ್ರ ನನ್ನದು. ಒಮಾಹಾದಲ್ಲಿ ಶೂ ಮಾರುತ್ತಿದ್ದಾಗ ನಮ್ಮನೆ ಮೆಟ್ಟಿಲ ಮೇಲೆ ಕೂತು ನನ್ನನ್ನು ಹಾಗೇ ನೋಡುತ್ತಿದ್ದ. ನಟನೆ ಅವನಿಗೆ ಅಷ್ಟಕ್ಕಷ್ಟೆ. ಈ ಮನೆ, ಕಾರು, ಈಜುಕೊಳ ಎಲ್ಲ ಬಂದದ್ದು ಆ ನೋಟದಿಂದ.

ಹೋದ ತಿಂಗಳು ಸೆಟ್ಟಿಗೆ ಹೋಗಿದ್ದೆ. ಅವನ ಮುಖವನ್ನು ಹತ್ತಿರದಿಂದ ತೆಗೆಯುವ ಶಾಟುಗಳನ್ನು ಕೊನೆಗೆ ಇಟ್ಟುಕೊಂಡಿದ್ದರು. ಅಷ್ಟರಲ್ಲಿ ವೆರಾಲ್ ಮನೆಗೆ ಹೋಗಿದ್ದಳು. ಅವಳ ಮಾತನ್ನು ಕ್ಯಾಮೆರಾದ ಪಕ್ಕ ನಿಂತು ಓದಿದವಳು ಮಿಸ್ ಪ್ರೂಯಿಟ್. ಯಾವ ಶಾಟಿನಲ್ಲಿ ಕೋಟಿನ ಗುಂಡಿ ಹಾಕಿತ್ತು, ಯಾವುದರಲ್ಲಿ ಬಿಚ್ಚಿತ್ತು ಎಂದು ನೋಡಿಕೊಳ್ಳುವ ಹೆಂಗಸು. ನನಗಿಂತ ದೊಡ್ಡವಳು, ದಪ್ಪ ಕನ್ನಡಕ, ಕಿವಿಯ ಮೇಲೊಂದು ಪೆನ್ಸಿಲು. "ನೀವು ಹೋದ್ರೆ ನಾನು ಬದುಕೋದು ಹೇಗೆ" ಎಂದು ದಿನಸಿ ಚೀಟಿ ಓದಿದ ಹಾಗೆ ಓದಿದಳು. ಅವನು ಅವಳನ್ನು ನೋಡಿದ. ನಮ್ಮನೆ ಮೆಟ್ಟಿಲ ಮೇಲಿನ ಅದೇ ನೋಟ.

ಕಾರಿನಲ್ಲೇ ಜಗಳ ತೆಗೆದೆ.

"ಆ ಕನ್ನಡಕದೋಳಲ್ಲಿ ಏನು ಕಂಡೆ?"

"ಏನಿಲ್ಲ ಕಣೆ ವರ್ನಾ. ಯಾರನ್ನಾದ್ರೂ ನೋಡ್ಬೇಕಲ್ಲ, ಗೋಡೆ ನೋಡಕ್ಕಾಗತ್ತಾ?"

"ಹಾಗಾದ್ರೆ ನನ್ನನ್ನೇ ನಿಲ್ಲಿಸು. ಹಿತ್ತಲ ಗಿಡ ಮದ್ದಲ್ಲ ಅನ್ನೋ ಹಾಗೆ ಮಾಡ್ಬೇಡ."

"ಸರಿ, ಸೋಮವಾರ ಬಾ" ಎಂದ.

ನೀಲಿ ಫ್ರಾಕು ತೊಟ್ಟು ಹೋದೆ. ಪ್ರೂಯಿಟ್ ಮರುಮಾತಿಲ್ಲದೆ ಜಾಗ ಬಿಟ್ಟುಕೊಟ್ಟು, "ನಿಧಾನಕ್ಕೆ ಓದಿ ಮೇಡಂ, ಅವರಿಗೆ ಅವಸರ ಆಗಲ್ಲ" ಎಂದಳು. ನನ್ನ ಗಂಡನಿಗೆ ಏನು ಆಗುವುದಿಲ್ಲ ಎಂದು ನನಗೆ ಹೇಳಿಕೊಡುತ್ತಾಳೆ, ನೋಡು.

ಅಂತೂ ಚಿತ್ರೀಕರಣ ಮುಗಿಯಿತು, ಸ್ಟುಡಿಯೋದಲ್ಲಿ ಎಲ್ಲರೂ ಮೆಚ್ಚುತ್ತಿದ್ದಾರೆ. ಮಕ್ಕಳಿಗೆ ನನ್ನ ಆಶೀರ್ವಾದ. ದೇವರು ನಿಮ್ಮ ಮನೆಯನ್ನು ತಣ್ಣಗಿಟ್ಟಿರಲಿ.

ನಿನ್ನ ತಂಗಿ,
ವರ್ನಾ

ಮತ್ತೊಂದು ಮಾತು: ಆ ಸೋಮವಾರ ಮಧ್ಯಾಹ್ನದವರೆಗೂ ಅವನ ಮುಖದ ಅದೊಂದೇ ಶಾಟು ಮತ್ತೆ ಮತ್ತೆ ತೆಗೆದರು. ಬೆಳಿಗ್ಗೆ ತಿಂಡಿಯ ಮೇಜಿನಲ್ಲಿ ನೋಡುತ್ತಾನಲ್ಲ, ಹಾಗೇ ಅವನು ನನ್ನನ್ನು ನೋಡುತ್ತಿದ್ದ. ಕಡೆಗೆ ನಿರ್ದೇಶಕರು ಬಂದು ಬಹಳ ಮರ್ಯಾದೆಯಿಂದ, "ಮೇಡಂ, ಒಂದು ಕಾಫಿ ಕುಡಿದು ಬನ್ನಿ" ಎಂದರು. ನಾನು ಲೋಟ ಹಿಡಿದು ಬರುವಷ್ಟರಲ್ಲಿ ನನ್ನ ಜಾಗದಲ್ಲಿ ಪ್ರೂಯಿಟ್ ನಿಂತಿದ್ದಳು, ಶಾಟು ಆಗಿಹೋಗಿತ್ತು. ಆರ್ವಿಲ್ ಹುಡುಗನ ಹಾಗೆ ಓಡಿಬಂದು, "ಆ ನೋಟ ಬಂತು ಕಣೆ ವರ್ನಾ, ಬಂತು" ಎಂದ. ಅದು ಯಾಕೆ ಬಂತೆಂದು ಅವನಿಗೇ ಇನ್ನೂ ತಿಳಿದಿಲ್ಲ ಅಕ್ಕ. ನಾನಂತೂ ಹೇಳಿಕೊಡುವುದಿಲ್ಲ.