ಹೆಸರು ಬೀಳುವ ಎರಡು ನಿಮಿಷ

ನಾರಾಯಣಖೇಡ್
14 ಮಾರ್ಚ್ 2010, ಭಾನುವಾರ

ಪ್ರೀತಿಯ ಅವ್ವನಿಗೆ ನಿನ್ನ ಧಮ್ಮಶೀಲಾಳ ಜೈಭೀಮ್.

ಆಯಿ ಹುಷಾರಾಗಿದ್ದಾಳೆ. ನಾನೂ ಹುಷಾರು ಎಂದು ಬರೆಯಲು ಹೋದೆ, ಕೈ ಬರಲಿಲ್ಲ. ಮೊನ್ನೆ ನೀನು ತಾಂಡೂರಿನ ಹಾಸ್ಟೆಲ್ ಅಡುಗೆಮನೆಯಿಂದ ಫೋನು ಮಾಡಿ, "ಆ ಟೇಪ ಒಲಿಗಿ ಹಾಕು. ನೀ ಏನೂ ನೋಡಿಲ್ಲ" ಎಂದು ಎರಡು ಸಲ ಹೇಳಿ ಇಟ್ಟುಬಿಟ್ಟೆ. ನಾನು ಒಲೆಗೆ ಹಾಕಿಲ್ಲ ಅವ್ವ. ನಿನಗೆ ತಿಳಿದಿರುವುದು ತುಂಡು ತುಂಡಾಗಿ, ಅದಕ್ಕೇ ಮೊದಲಿನಿಂದ ಬರೆಯುತ್ತಿದ್ದೇನೆ.

ಜನವರಿಯಲ್ಲಿ ನಮ್ಮ ಹೈದರಾಬಾದ್ ಕಾಲೇಜಿನಲ್ಲಿ ಎಲ್ಲರಿಗೂ ಒಂದು ಕೆಲಸ ಕೊಟ್ಟಿದ್ದರು. ಪೂರ್ತಿ ಸಿನಿಮಾ ಅಲ್ಲ. ಸಿನಿಮಾ ಶುರುವಾಗುವಾಗ ಹೆಸರು ಬೀಳುತ್ತವಲ್ಲ, ಆ ಎರಡು ನಿಮಿಷ ಮಾತ್ರ. ಹೆಸರು ಮುಗಿಯುವಷ್ಟರಲ್ಲಿ ಇದು ಎಂಥ ಸಿನಿಮಾ ಎಂದು ನೋಡುವವರಿಗೆ ಗೊತ್ತಾಗಬೇಕು. ನಾನು ಹೆದರಿಸುವ ಸಿನಿಮಾ ಆರಿಸಿಕೊಂಡೆ. ಅದಕ್ಕೊಂದು ಪದ್ಧತಿ ಇದೆ. ಹೆದರಿಸುವುದನ್ನು ತೋರಿಸಬಾರದು; ಬಾಗಿಲು ತೋರಿಸಬೇಕು, ಬಾಗಿಲ ಕೆಳಗಿನ ನೆರಳು ತೋರಿಸಬೇಕು. ಸಪ್ಪಳ ಮೊದಲು ಬರಬೇಕು, ಚಿತ್ರ ಆಮೇಲೆ. ಅಕ್ಷರಗಳು ಸಣ್ಣಗೆ ನಡುಗುತ್ತ ಬಂದು ಅಳಿಸಿಹೋಗಬೇಕು.

ಪ್ರತ್ಯೇಕ ರಾಜ್ಯ ಬೇಕೆಂದು ಬಂದ್ ಆಗಿ ಕಾಲೇಜು ಮುಚ್ಚಿದಾಗ ಕ್ಯಾಮೆರಾ ತಗೊಂಡು ಆಯಿಯ ಮನೆಗೆ ಬಂದೆ. ವೈಜಿನಾಥ ಸಾಹುಕಾರನ ದಾಲ್ ಮಿಲ್ಲಿನ ಹಿಂದಿನ ಹಳೇ ಗೋದಾಮು ಪಾಳು ಬಿದ್ದಿತ್ತು. ಪಕ್ಕದ ಮನೆಯ ಸುಮಿತ್ರಾಳಿಗೆ ಮಧ್ಯಾಹ್ನ ಬಂದು ಹೊರಗಿನಿಂದ ಬಾಗಿಲು ಬಡಿ, ನಾನು ಒಳಗಿನಿಂದ ತೆಗೆಯುತ್ತೇನೆ ಎಂದಿದ್ದೆ. ಅವಳನ್ನು ಅವತ್ತು ಅವಳವ್ವ ಮನೆಯಿಂದ ಹೊರಗೆ ಬಿಡಲಿಲ್ಲವಂತೆ. ಅದು ನನಗೆ ಗೊತ್ತಿರಲಿಲ್ಲ.

ಬಡಿತ ಕೇಳಿಸಿತು. ಕ್ಯಾಮೆರಾ ಆಗಲೇ ನಡೆಯುತ್ತಿತ್ತು. ಸುಮಿತ್ರಾ ಎಂದುಕೊಂಡೆ. ಬಡಿತ ಜೋರಾಯಿತು, ಬಾಗಿಲ ಸಂದಿಯಿಂದ ನಾಲ್ಕು ಬೆರಳು ಒಳಗೆ ಬಂದವು. ಗಂಡಸಿನ ಬೆರಳು.

ಅವು ಆನಂದಕುಮಾರ ಸರ್ ಅವರವು. ಹತ್ತನೇ ಆದ ಮೇಲೆ ನನಗೆ ಇಂಟರ್‌ನಲ್ಲಿ ಪಾಠ ಹೇಳಿದವರು, ಹೈದರಾಬಾದಿಗೆ ಹೋಗಿ ಓದು ಎಂದು ನಿನ್ನ ಮನಸ್ಸು ತಿರುಗಿಸಲು ಮನೆತನಕ ಬಂದವರು. ಅವತ್ತು ಬಂದ್ ನಡುವೆಯೇ ಸಾಹುಕಾರ ತೊಗರಿ ಲಾರಿ ಹೊರಡಿಸಿದ್ದ. ಸರ್ ವಿದ್ಯಾರ್ಥಿಗಳ ಜೊತೆ ಲಾರಿಗೆ ಅಡ್ಡ ಕೂತಿದ್ದರು. ಮಿಲ್ಲಿನ ಮೂವರು ಬಡಿಗೆ ಹಿಡಿದು ಬೆನ್ನು ಹತ್ತಿದಾಗ ವಿದ್ಯಾರ್ಥಿಗಳು ಒಂದು ಕಡೆ ಓಡಿದರು, ಸರ್ ಗೋದಾಮಿನ ಕಡೆ ಬಂದರು. ಬಾಗಿಲು ಬಿಗಿದುಕೊಂಡಿತ್ತು ಅವ್ವ. ನಾನು ಎಳೆದೆ, ಬರಲಿಲ್ಲ. ಆಮೇಲೆ ಪಕ್ಕದ ಒಡೆದ ಕಿಟಕಿಗೆ ಕ್ಯಾಮೆರಾ ಹಿಡಿದೆ. ಸರ್‌ಗೆ ಬಡಿಯುತ್ತಿದ್ದ ಮೂವರ ಮುಖವೂ ಟೇಪಿನಲ್ಲಿದೆ. "ಸಾಕು ಬಿಡ್ರೋ, ಸತ್ತಗಿತ್ತಾನು" ಎಂದ ಸಾಹುಕಾರನ ದನಿಯೂ ಇದೆ.

ಸರ್ ಗೋಡೆ ಹತ್ತಲು ಹೋಗಿ ಬಿದ್ದರು ಎಂದು ಊರಲ್ಲಿ ಸುದ್ದಿಯಾಯಿತು. ನಾನು ಬಾಯಿ ಬಿಡಲಿಲ್ಲ.

ಮುಂದೆ ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಕಾಲೇಜು ತೆರೆದ ಮೇಲೆ ತೋರಿಸಲು ನನ್ನ ಬಳಿ ಬೇರೇನೂ ಇರಲಿಲ್ಲ. ಮುಖಗಳನ್ನೆಲ್ಲ ಬಿಟ್ಟು, ಬಡಿತ, ನೆರಳು, ಆ ಬೆರಳು, ಒಂದು ಕೂಗು, ಇಷ್ಟನ್ನು ಜೋಡಿಸಿ ಮೇಲೆ ಹೆಸರು ಹಾಕಿದೆ. ದೀಪ ಹಾಕಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಕೂಗು ನಿಜ ಅನಿಸುತ್ತದೆ, ಯಾರು ಮಾಡಿದ್ದು ಎಂದು ಮೇಷ್ಟ್ರು ಕೇಳಿದರು. ನಮ್ಮ ಸಂಬಂಧಿಕರೊಬ್ಬರು ಎಂದೆ.

ಯಾರೋ ಅದರ ಸಿ.ಡಿ. ಮಾಡಿಕೊಂಡರು. ಅದು ಜಹೀರಾಬಾದಿಗೆ ಬಂತು, ಅಲ್ಲಿಂದ ಇಲ್ಲಿಗೂ ಬಂತು. ಗೋದಾಮಿನ ಬಾಗಿಲು ಯಾರಿಗೋ ಗುರುತು ಸಿಕ್ಕಿತು. ನಾನು ರಜೆಗೆಂದು ಬಂದಿದ್ದೆ. ಬುಧವಾರ ಮಿಲ್ಲಿನ ಗುಮಾಸ್ತ ಕಾಶಪ್ಪ ನಮ್ಮ ಮನೆಯ ಮುಂದೆ ನಿಂತಿದ್ದ. ಆಯಿಯನ್ನು ಜನ್ಮವಿಡೀ "ಏ ಈಶೀ" ಎಂದು ಕರೆದವನು ಅವತ್ತು ಚಪ್ಪಲಿ ಬಿಟ್ಟು ಅಂಗಳಕ್ಕೆ ಬಂದ.

"ಈಶಮ್ಮನವ್ರೇ, ನಿಮ್ಮ ಮೊಮ್ಮಗಳು ಭಾಳ ಛಲೋ ಪಿಕ್ಚರ್ ತಗ್ದಾಳಂತ್ರಿ. ಸಾಹುಕಾರ್ರು ಪೂರ್ತಿ ನೋಡಬೇಕಂತಾರ."

ಅವನು ಹೋದ ಮೇಲೆ ಆಯಿ ಅಂಗಳದಲ್ಲೇ ಕೂತುಬಿಟ್ಟಳು. "ಹಿಂಗ ರೀ ಹಚ್ಚಿ ಮಾತಾಡ್ಯಾನ ಅಂದ್ರ ಬಿಡಂಗಿಲ್ಲ ಬೇ ಅವ" ಎಂದಳು. ಅಂದಿನಿಂದ ಬೀದಿಯ ಆ ಕಡೆ ಒಂದು ಜೀಪು ನಿಲ್ಲುತ್ತದೆ. ಯಾರೂ ಇಳಿಯುವುದಿಲ್ಲ. ನಾನು ನೀರಿಗೆ ಹೋದರೆ ಎಂಜಿನ್ ಚಾಲೂ ಆಗುತ್ತದೆ, ಬಂದು ಬಾಗಿಲು ಹಾಕಿಕೊಂಡರೆ ನಿಲ್ಲುತ್ತದೆ. ಟೇಪನ್ನು ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹುಗಿದಿದ್ದೇನೆ. ಆಯಿ ರೊಟ್ಟಿ ಮಾಡಲು ಡಬ್ಬಿ ತೆಗೆದಾಗಲೆಲ್ಲ ನಾನು ಎದ್ದು ಹೋಗಿ ಬೀದಿ ಬಾಗಿಲು ಹಾಕಿದೆಯಾ ಎಂದು ನೋಡುತ್ತೇನೆ.

ನಿನ್ನೆ ಹಿತ್ತಿಲಿನಿಂದ ಹೊರಬಿದ್ದು, ಶೇರ್ ಆಟೋ ಹಿಡಿದು ಜಹೀರಾಬಾದಿನ ಆಸ್ಪತ್ರೆಗೆ ಹೋಗಿದ್ದೆ. ಸರ್ ಎರಡು ತಿಂಗಳಿಂದ ಮಲಗಿದ್ದಾರೆ. ಕಣ್ಣು ತೆರೆದಿರುತ್ತವೆ, ನನ್ನನ್ನು ನೋಡಿದರೂ ಗುರುತು ಹಿಡಿಯಲಿಲ್ಲ. ಅವರ ಹೆಂಡತಿ ಬಸವೇಶ್ವರಿ ಅಕ್ಕ ನನಗೆ ಚಹಾ ತರಿಸಿಕೊಟ್ಟಳು. ನರ್ಸಮ್ಮ ಬಾಗಿಲು ದೂಡಿಕೊಂಡು ಬಂದಾಗ ಸರ್ ಕೈ ನಡುಗತೊಡಗಿದವು. ಅಕ್ಕ ಎರಡೂ ಕೈ ಅದುಮಿ ಹಿಡಿದುಕೊಂಡಳು.

"ಮಾತ ಇಲ್ಲ ತಂಗಿ. ಬಾಗಲಾ ಸಪ್ಪಳಾದ್ರ ಸಾಕು, ಹಿಂಗ ಮಾಡ್ತಾರ. ಯಾಕಂತ ಡಾಕ್ಟರಿಗೂ ತಿಳೀವಲ್ದು."

ಅಲ್ಲೇ ಹೇಳಿಬಿಟ್ಟೆ ಅವ್ವ, ನನ್ನ ಬಳಿ ಟೇಪಿದೆ ಎಂದು. ಅಕ್ಕ ಅಳಲಿಲ್ಲ. ನೀನು ಜೀವ ಒತ್ತೆ ಇಡುತ್ತಿದ್ದೀ, ನಿಮ್ಮವ್ವನನ್ನು ಕೇಳಿದೆಯಾ ಎಂದಳು. ಹೂಂ ಎಂದೆ. ಆ ಸುಳ್ಳಿಗೆ ನನ್ನನ್ನು ಕ್ಷಮಿಸು. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಮತ್ತೆ ಜಹೀರಾಬಾದಿಗೆ ಹೋಗುತ್ತೇನೆ. ನಮ್ಮ ವಕೀಲ ಧಮ್ಮಪಾಲ ಮಾಮಾ ಕೋರ್ಟಿನ ಹತ್ತಿರ ಕಾಯುತ್ತಾರೆ, ಅಕ್ಕನೂ ಬರುತ್ತಾಳೆ. ಮೂವರೂ ಕೂತು ಟೇಪ್ ಪೂರ್ತಿ ನೋಡಿ ದೂರು ಬರೆಯುವುದೆಂದು ಮಾತಾಗಿದೆ. ಆಯಿ ಇವತ್ತೇ ಕಂಗ್ಟಿಗೆ, ಅಮೃತಬಾಯಿ ಚಿಗವ್ವನ ಮನೆಗೆ ಹೋಗುತ್ತಾಳೆ. ನಾಳೆ ಸಂಜೆ ನಿನಗೆ ಫೋನು ಮಾಡುತ್ತೇನೆ. ಫೋನು ಬರದಿದ್ದರೆ ನೀನು ಇಲ್ಲಿಗೆ ಬರಬೇಡ. ನೇರ ಮಾಮಾನ ಹತ್ತಿರ ಹೋಗು.

ನಿನ್ನ ಮಗಳು,
ಧಮ್ಮಶೀಲಾ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದ್ದೇನೆ. ಬಾಗಿಲು ಬಿಗಿದಿರಲಿಲ್ಲ ಅವ್ವ. ಬೆಳಕು ಬರಬಾರದೆಂದು ಒಳಗಿನ ಅಗಳಿ ನಾನೇ ಹಾಕಿದ್ದೆ. ಮೊದಮೊದಲು ಬಡಿದಾಗ ಶಾಟ್ ಚೆನ್ನಾಗಿ ಬರುತ್ತಿದೆ ಎಂದುಕೊಂಡು ಸುಮ್ಮನಿದ್ದೆ. ಆಮೇಲೆ "ಒಳಗ ಯಾರರ ಇದ್ರ ತೆಗೀರಿ" ಎಂದರು. ದನಿ ಗುರುತಾಯಿತು. ಹೆದರಿಕೆಗೆ ಕಾಲು ಏಳಲಿಲ್ಲ. ಅಗಳಿ ಮೂರು ಹೆಜ್ಜೆ ದೂರದಲ್ಲಿತ್ತು. ಟೇಪಿನಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ. ಕಾಲೇಜಿನಲ್ಲಿ ತೋರಿಸುವಾಗ ಯಾರಿಗೂ ಕಾಣಬಾರದೆಂದು ಸರಿಯಾಗಿ ಅದರ ಮೇಲೆಯೇ ನನ್ನ ಹೆಸರು ಬೀಳುವಂತೆ ಮಾಡಿದ್ದೆ. ನಾಳೆ ಬಸವೇಶ್ವರಿ ಅಕ್ಕ ನೋಡುವ ಟೇಪಿನಲ್ಲಿ ಹೆಸರುಗಳಿಲ್ಲ.