ಮೂಗಿನ ರಾಜೀನಾಮೆ

ಮಂಗಳವಾರ, ಹದಿನಾಲ್ಕು.

ಚರಿತ್ರೆಯಲ್ಲಿ ದಾಖಲಾಗಲಿ: ಇಪ್ಪತ್ತೆರಡು ವರ್ಷ ನಗರದ ಕೊಳಚೆ ಮೂಸಿದ ನನ್ನ ಮೂಗು ರಾಜೀನಾಮೆ ಕೊಟ್ಟಿದೆ. ಇಂದು ಚರ್ಮದ ಕಾರ್ಖಾನೆ ಹೊರಬಿಡುವ ನೀರನ್ನು ಬಾಟಲಿಗೆ ತುಂಬಿ, ಮಾಲಿನ್ಯ ಮಂಡಳಿಯ ಫಾರಂನಲ್ಲಿ 'ವಾಸನೆ: ಇಲ್ಲ' ಎಂದು ಬರೆದೆ. ಪಕ್ಕದಲ್ಲಿ ಜೀಪಿನ ಡ್ರೈವರ್ ಮುಖಕ್ಕೆ ಕರವಸ್ತ್ರ ಒತ್ತಿಕೊಂಡು ನಿಂತಿದ್ದ.

"ಸಾರ್, ಮೂಗು ಮನೇಲೇ ಬಿಟ್ಟು ಬಂದ್ರಾ? ಕೊಳೆತ ಮೊಟ್ಟೆ ನಾತ ಹೊಡೀತಿದೆ!"

ಅವನ ಮೂಗನ್ನೇ ಎರವಲು ಪಡೆದು 'ಕೊಳೆತ ಮೊಟ್ಟೆ' ಎಂದು ತಿದ್ದಿದೆ.

ನನ್ನದು ಕೈಕೊಟ್ಟದ್ದು ಯಾವಾಗಲೋ. ಹೆಂಡತಿಯಿದ್ದಾಗ ಬಾಗಿಲಲ್ಲೇ ತಡೆದು, "ಬಂತು ನೋಡಿ ಚರಂಡಿ ಸವಾರಿ! ಮೊದ್ಲು ಸ್ನಾನ" ಎನ್ನುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಹಾಗೆ ಹೇಳುವವರಿಲ್ಲ; ನಾನು ನಾರುವುದೇ ನಿಂತಿತೆಂದುಕೊಂಡಿದ್ದೆ.

ಒಲೆಯ ಮೇಲೆ ನಿನ್ನೆಯ ಹಾಲಿದೆ. ಇದನ್ನು ಓದುತ್ತಿರುವವರು ಯಾರೇ ಆಗಲಿ, ಕೆಟ್ಟಿದೆಯೇ ಎಂದು ಒಮ್ಮೆ ಮೂಸಿ ಹೇಳಿ.