ಚಿಗರಿಗೆ ಬಿಟ್ಟ ಕುರಣದಲ್ಲಿ ತಮ್ಮ ಬಂದೂಕು

ಜಮೀನುಗಳ ಮೇಲ್ವಿಚಾರಣೆಯ ಅಧಿಕಾರಿಗಳಿಗೆ,

ಮಾನ್ಯರೇ, ಚಿಗರಿ ಜಿಂಕೆಗಳು ನಿರ್ಭಯವಾಗಿ ಇರಲೆಂದು ಒಬ್ಬ ವಿಧವೆ ಸರ್ಕಾರಕ್ಕೆ ದಾನ ಕೊಟ್ಟ ಹುಲ್ಲುಗಾವಲಿನಲ್ಲಿ ತಾವು ಡೇರೆ ಹಾಕಿ ಚಿಗರಿ ಹೊಡೆದಿದ್ದೀರಿ. ಬೇರೆ ಮಾತಿಗೆ ಮುಂಚೆ ಇಷ್ಟು ಪತ್ರಿಕೆಯ ಓದುಗರಿಗೆ ತಿಳಿದಿರಲಿ.

ಕುರಕುಂಟಾದ ಆಚೆ ಇರುವ ಆ ಹುಲ್ಲುಗಾವಲಿಗೆ ನಮ್ಮ ಜನ ಸೂಗಪ್ಪನ ಕುರಣ ಎನ್ನುತ್ತಾರೆ. ಸೂಗಪ್ಪನವರು ಇರುವವರೆಗೆ ಅದಕ್ಕೆ ನೇಗಿಲು ತಾಗಲಿಲ್ಲ, ಅಲ್ಲಿ ಬಂದೂಕಿನ ಸದ್ದೂ ಆಗಲಿಲ್ಲ. ಅವರು ತೀರಿದ ಮೇಲೆ ದಾಯಾದಿಗಳು ಅದನ್ನು ಉಳಲು ಹವಣಿಸಿದರು. ಅದೇ ಸುಮಾರಿಗೆ ತಾವು ಹಳ್ಳಿ ಹಳ್ಳಿ ತಿರುಗಿ ಭೂಮಿ ದಾನದ ಮಹಿಮೆ ಸಾರುತ್ತಿದ್ದಿರಿ. ನಮ್ಮೂರ ಸಭೆಯಲ್ಲಿ ಸೂಗಪ್ಪನವರ ಪತ್ನಿ ಮಾಣಿಕಮ್ಮ ಎದ್ದು ನಿಂತು ತಮಗೇ ಹೇಳಿದರು: "ಬಸವಣ್ಣನ ಹೆಸರಿಲೆ ಹೋರಿ ಬಿಡ್ತೀವಲ್ರಿ ಸಾಹೇಬ್ರ, ಹಂಗ ಈ ಕುರಣ ಚಿಗರಿಗೆ ಬಿಟ್ಟೀನಿ. ಸರ್ಕಾರ ಕಾಯಲಿ."

ದೇವರ ಹೆಸರಿನಲ್ಲಿ ಬಿಟ್ಟ ಹೋರಿಗೆ ಯಾರೂ ನೊಗ ಹೂಡುವುದಿಲ್ಲ. ಬೆಳೆಗೆ ಬಾಯಿ ಹಾಕಿದರೂ ಗದರಿಸಿ ಅಟ್ಟುತ್ತಾರೆ, ಅಷ್ಟೇ. ಇದು ಗೊತ್ತಿಲ್ಲದ ಕೂಸು ಈ ಸೀಮೆಯಲ್ಲಿಲ್ಲ. ತಾವೂ ತಲೆ ಅಲ್ಲಾಡಿಸಿದಿರಿ. ಹಾರ ಬಿದ್ದದ್ದು ಮಾತ್ರ ದಾನ ಕೊಟ್ಟವರ ಕೊರಳಿಗಲ್ಲ, ತಮ್ಮ ಕೊರಳಿಗೆ.

ಪಕ್ಕದ ಹೊಲದ ಅಂಬಾರಾಯ ಒಬ್ಬನೇ ಗೊಣಗಿದ: "ಯಕ್ಕಾ, ನಿನ್ನ ಚಿಗರಿ ನನ್ನ ಜ್ವಾಳಾ ತಿಂತಾವ. ಪುಣ್ಯಾ ನಿನಗ, ಲುಕ್ಸಾನ ನನಗ?"

"ಅರ್ಧಾ ಪುಣ್ಯಾ ನೀ ತಗೋ ತಮ್ಮಾ. ಕವಣಿ ಕಲ್ಲು ಮಾತ್ರ ಸಣ್ಣಂದು ಹಾಕು" ಎಂದರು ಮಾಣಿಕಮ್ಮ. ಸಭೆ ನಕ್ಕಿತು. ತಾವೂ ನಕ್ಕಿರಿ.

ಈ ಚಳಿಗಾಲದಲ್ಲಿ ಕುರಣದ ಮುಂದೆ ಒಂದು ಫಲಕ ಎದ್ದಿತು: 'ಪರವಾನಗಿ ಇಲ್ಲದೆ ಬೇಟೆಯಾಡಬಾರದು.' ಪರವಾನಗಿ ಕೊಡುವವರು ತಾವು. ತೆಗೆದುಕೊಂಡವರೂ ತಾವೇ. ಅಲ್ಲಿನ ಚಿಗರಿಗಳಿಗೆ ಮನುಷ್ಯರ ಭಯವಿರಲಿಲ್ಲ. ಜೀಪು ಬಂದಾಗ ಮೇಯುವುದನ್ನು ಬಿಟ್ಟು, ತಲೆಯೆತ್ತಿ ನೋಡುತ್ತ ನಿಂತವು. ನಿಂತ ಪ್ರಾಣಿಗೆ ಗುರಿಯಿಡಲು ಎಷ್ಟು ಶೌರ್ಯ ಬೇಕು, ಮಾನ್ಯರೇ?

ಸದ್ದು ಕೇಳಿ ಮಾಣಿಕಮ್ಮ ತಮ್ಮ ಡೇರೆಗೆ ಬಂದರು. ಜೊತೆಗೆ ನಾನೂ ಇದ್ದೆ. "ಇದೇನ್ರಿ ಸಾಹೇಬ್ರ?" ಎಂದರು. ತಾವು ಕುರ್ಚಿಯಿಂದ ಏಳಲಿಲ್ಲ. "ಸಿಟ್ಟ್ಯಾಕ ಅಮ್ಮಾ? ಚಿಗರಿ ಸಲುವಾಗೇ ಇಟ್ಟೀವಲ್ಲ. ಶಿಕಾರಗಾಹ ಅಂದ್ರ ಹಿಂಗೇ ಇರ್ತದ. ಕಂಡ ಕಂಡ ಮಂದಿಗಿ ಹೊಡಿಲಿಕ್ಕೆ ಬಿಡಂಗಿಲ್ಲ" ಎಂದು ಸಮಾಧಾನ ಹೇಳಿದಿರಿ.

ತಪ್ಪು ಎಲ್ಲಿದೆ ಎಂದು ನನಗೆ ಆಗ ತಿಳಿಯಿತು. ಹಳೆಯ ದರ್ಬಾರಿನಲ್ಲಿ ನೌಕರಿ ಕಲಿತ ತಮಗೆ, ಪ್ರಾಣಿಗಳಿಗಾಗಿ ಕಾದಿಟ್ಟ ನೆಲವೆಂದರೆ ಶಿಕಾರಗಾಹ, ದೊಡ್ಡವರ ಬೇಟೆಗೆ ಕಾದಿಟ್ಟ ನೆಲ. ಆ ಕಾಲದಲ್ಲಿ ಶಿಕಾರಿಗೆ ಬಂದವರು ನೆಲ ಯಾರದೆಂದು ಕೇಳುತ್ತಿರಲಿಲ್ಲ, ನಿಜ. ಆದರೆ ಮೊದಲು ಅದನ್ನು ದಾನವಾಗಿ ಬೇಡುತ್ತಲೂ ಇರಲಿಲ್ಲ. ಪೊಲೀಸ್ ಕಾರ್ಯಾಚರಣೆ ನಡೆದು ಆ ದರ್ಬಾರು ಹೋದ ನಂತರ ನಮಗೆ ದಕ್ಕಿದ್ದು ಇದೊಂದೇ ವ್ಯತ್ಯಾಸವೇ?

ಈಗ ಕುರಣ ಬರಿದಾಗಿದೆ. ಬದುಕುಳಿದ ಚಿಗರಿಗಳು ಹಾಡುಹಗಲೇ ಅಂಬಾರಾಯನ ಜೋಳದಲ್ಲಿ ಅಡಗಿ ನಿಲ್ಲುತ್ತವೆ. ಅವನು ಕವಣೆಯನ್ನು ಮನೆಯ ಜಂತಿಗೆ ಸಿಕ್ಕಿಸಿಬಿಟ್ಟಿದ್ದಾನೆ. ಯಾಕೆಂದು ಕೇಳಿದರೆ, "ಏನ್ ಮಾಡ್ಲಿ ಅಯ್ನೋರ, ಸರ್ಕಾರದ ಹುಲ್ಲಿಗಿಂತ ನನ್ನ ಜ್ವಾಳಾ ಭೇಷಿ ಅಂತ ಅವಕ್ಕ ತಿಳದದ" ಎನ್ನುತ್ತಾನೆ. ಅವನ ಮನೆಯಲ್ಲೂ ರೊಟ್ಟಿ ಆಗಬೇಕಲ್ಲ? ಜೋಳ ಕೊಯ್ದ ಮೇಲೆ ಆ ಜೀವಗಳು ಎಲ್ಲಿಗೆ ಹೋಗಬೇಕು?

ಆದ್ದರಿಂದ ಸುಗ್ಗಿಗೆ ಮುಂಚೆ ಡೇರೆ ಕೀಳಿಸಿ. ಆ ಫಲಕ ಇಳಿಸಿ, ತಮ್ಮದೂ ಸೇರಿ ಯಾರ ಬಂದೂಕೂ ಕುರಣದೊಳಗೆ ಬಾರದಂತೆ ಹುಕುಂ ಹೊರಡಿಸಿ. ಆಗದಿದ್ದರೆ ನೆಲ ಹಿಂದಿರುಗಿಸಿ. ಕೊಟ್ಟ ದಾನ ಮರಳಿ ಕೇಳುವುದು ಪಾಪವೆಂದು ಮಾಣಿಕಮ್ಮ ಬಾಯಿ ತೆರೆಯುತ್ತಿಲ್ಲ. ಆ ಪಾಪ ನನಗಿರಲಿ, ನಾನು ಕೇಳುತ್ತಿದ್ದೇನೆ.

ಇಂತಿ,
ಅಂದು ತಮ್ಮ ಕೊರಳಿಗೆ ಹಾರ ಹಾಕಿದ
ಮಡಿವಾಳಯ್ಯ, ಕುರಕುಂಟಾ